33 ವರ್ಷಕ್ಕೆ ಎಡಿಎಚ್‌ಡಿ (ಗಮನ ಬೇಕಾದ ಕಡೆ ನಿಲ್ಲದ ತೊಂದರೆ) ಅಂತ ಹೇಳಿದ್ದಾರೆ, ಮದ್ದು ಶುರು ಮಾಡುದಾ ಬೇಡ್ವಾ? ಮಂಗಳೂರು-ಉಡುಪಿಯವ್ರು ಸ್ವಲ್ಪ ಹೇಳಿ

ಪಡುಬಿದ್ರಿ_ಎಕ್ಸ್‌ಪ್ರೆಸ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೈಬೇಡಿ. ನಾನು ದಿನಾ ಪಡುಬಿದ್ರಿಯಿಂದ ಬಸ್ಸಲ್ಲಿ ಮಂಗಳೂರಿಗೆ ಹೋಗಿ ಬರುದು, ಒಂದು ಆಡಿಟರ್ ಆಫೀಸಲ್ಲಿ ಅಕೌಂಟ್ಸ್ ಕೆಲಸ. ನಿದ್ದೆ ಬರುದಿಲ್ಲ, ಎದೆ ಡವಡವ ಅಂತ ಹೇಳಿ ಸೈಕಿಯಾಟ್ರಿಸ್ಟ್ ಹತ್ರ ಹೋದದ್ದು, ಅವ್ರು ಎರಡು ಮೂರು ಸಲ ಕೂರಿಸಿ ಮಾತಾಡಿದ್ರು, ಅಮ್ಮನನ್ನೂ ಕರೆಸಿ ನಾನು ಸಣ್ಣದಿರುವಾಗ ಹೇಗಿದ್ದೆ ಅಂತ ವಿಚಾರಿಸಿದ್ರು, ಶಾಲೆಯ ಹಳೇ ಪ್ರೋಗ್ರೆಸ್ ಕಾರ್ಡ್ ಉಂಟಾ ಕೇಳಿದ್ರು, ಥೈರಾಯ್ಡ್ ರಕ್ತ ಎಲ್ಲ ಟೆಸ್ಟ್ ಮಾಡ್ಸಿದ್ರು, ಅದೆಲ್ಲ ನಾರ್ಮಲ್. ಕಡೆಗೆ ಹೇಳಿದ್ದು ಇದು ಎಡಿಎಚ್‌ಡಿ, ಗಾಬರಿ ಅದ್ರ ಮೇಲೆ ಬೆಳೆದದ್ದು ಅಂತ.

ನನ್ನ ಕಥೆ ಹೇಗೆ ಅಂದ್ರೆ, 20ನೇ ತಾರೀಕಿಗೆ ಜಿಎಸ್‌ಟಿ 3ಬಿ, ಅಂದ್ರೆ ತಿಂಗಳ ತೆರಿಗೆ ರಿಟರ್ನ್, ಫೈಲ್ ಆಗ್ಬೇಕಲ್ಲ, 18ರವರೆಗೆ ಆ ಫೋಲ್ಡರ್ ಓಪನ್ ಮಾಡ್ಲಿಕ್ಕೇ ಕೈ ಬರುದಿಲ್ಲ, 19ಕ್ಕೆ ರಾತ್ರಿ ಕೂತ್ರೆ ಬೇರೆಯವ್ರು ಒಂದು ವಾರ ಮಾಡುದನ್ನು ಬೆಳಗಾಗುವಾಗ ಮುಗಿಸಿರ್ತೇನೆ, ಲೆಕ್ಕವೂ ಸರಿ ಇರ್ತದೆ. ಸರ್‌ಗೆ ಅದೇ ಪಿತ್ತ ನೆತ್ತಿಗೇರುದು, "ನಿಂಗೆ ಆಗುದಿಲ್ಲ ಅಂತ ಅಲ್ಲ, ನೀನು ಮಾಡುದಿಲ್ಲ" ಅಂತ. ಮನೆಯಲ್ಲಿ ಮೆಸ್ಕಾಂ ಕರೆಂಟ್ ಬಿಲ್ಲು ಫ್ರಿಜ್ಜಿಗೆ ಅಂಟಿಸಿ ಇಟ್ಟಿರ್ತೇನೆ, ದಿನಾ ನೋಡ್ತೇನೆ, ಅಕೌಂಟಲ್ಲಿ ದುಡ್ಡು ಉಂಟು, ಫೋನಲ್ಲಿ ಆ್ಯಪ್ ಉಂಟು, ಎರಡು ನಿಮಿಷದ ಕೆಲಸ, ಆದ್ರೂ ಲೈನ್‌ಮ್ಯಾನ್ ಫ್ಯೂಸ್ ತೆಗೀಲಿಕ್ಕೆ ಗೇಟಿನ ಹತ್ರ ಬಂದು ನಿಂತಾಗ್ಲೇ ಕಟ್ಟುದು. ಇದು ಉದಾಸೀನ ಅಲ್ಲ ಮಾರಾಯ್ರೆ, ಉದಾಸೀನದವ್ರು ಆರಾಮ ಇರ್ತಾರೆ, ನಾನು ಕಟ್ಟದೇ ಇರುವ ಅಷ್ಟೂ ದಿನ ಮಂಡೆಬಿಸಿ ಮಾಡ್ಕೊಂಡೇ ಇರ್ತೇನೆ.

ಈಗ ಮಿಥೈಲ್‌ಫೆನಿಡೇಟ್ 10 ಎಂಜಿ ಬರ್ದು ಕೊಟ್ಟಿದ್ದಾರೆ. ಅಮ್ಮ ಹೇಳುದು ಮಂಡೆಯ ಮದ್ದು ಒಮ್ಮೆ ಶುರು ಮಾಡಿದ್ರೆ ಬಿಡ್ಲಿಕ್ಕಾಗುದಿಲ್ಲ, ಅದ್ರಲ್ಲೂ ಸಂಬಂಧ ನೋಡ್ತಾ ಇರುವಾಗ ಯಾರಿಗಾದ್ರೂ ಗೊತ್ತಾದ್ರೆ ಮುಗೀತು, ಮೊದಲು ಜೋಯಿಸರ ಹತ್ರ ಒಂದು ಪ್ರಶ್ನೆ ಇಡ್ಸಿ ನೋಡುವ ಅಂತ. ಅದೂ ಅಲ್ಲದೆ ಚೀಟಿ ಹಿಡ್ಕೊಂಡು ಮೆಡಿಕಲ್‌ಗೆ ಹೋದ್ರೆ ಅಲ್ಲಿಯ ಹುಡುಗ ಚೀಟಿ ನೋಡಿ ನನ್ನ ಮುಖ ನೋಡಿ "ಇದೆಲ್ಲ ನಾವು ಇಡುದಿಲ್ಲ" ಅಂದ, ನಾನು ಎಂತದೋ ಅಮಲಿನ ವಸ್ತು ಕೇಳಿದ ಹಾಗೆ. ಅಲ್ಲಿಗೇ ಅರ್ಧ ಧೈರ್ಯ ಹೋಯ್ತು. ತಗೊಂಡವ್ರು ಯಾರಾದ್ರೂ ಇದ್ರೆ ಹೇಗಾಗ್ತದೆ ಹೇಳಿ. ಆಫೀಸಲ್ಲಿ ಹೇಳುದಾ ಬೇಡ್ವಾ ಅದೂ ಗೊತ್ತಾಗ್ತಾ ಇಲ್ಲ.

ಸುಮ್ನೆ_ಹೇಳಿದ್ದು:

ತಪ್ಪು ತಿಳ್ಕೊಳ್ಬೇಡಿ, ಇದೆಲ್ಲ ಮೊಬೈಲ್ ಬಂದ ಮೇಲೆ ಬಂದ ಕಾಯಿಲೆ. ಕಡೇ ದಿನ ಬಿಲ್ಲು ಕಟ್ಟುದು ಯಾರು ಮಾಡುದಿಲ್ಲ ಹೇಳಿ, ಹಾಗಾದ್ರೆ ಅರ್ಧ ಉಡುಪಿಗೆ ಎಡಿಎಚ್‌ಡಿ. ನಮ್ಮ ಅಜ್ಜನ ಕಾಲದಲ್ಲಿ ಗದ್ದೆಗೆ ಹೋಗದಿದ್ರೆ ಊಟ ಇಲ್ಲ, ಗಮನ ತನ್ನಷ್ಟಕ್ಕೆ ಬರ್ತಿತ್ತು. ರೀಲ್ಸ್ ಬಿಡಿ, ಬೆಳಿಗ್ಗೆ ಬೇಗ ಎದ್ದು ಪ್ರಾಣಾಯಾಮ ಮಾಡಿ, ಒಂದು ತಿಂಗಳು ನೋಡಿ.

ಚೆಂಡೆಪೆಟ್ಟು:

@ಸುಮ್ನೆ_ಹೇಳಿದ್ದು ಮೊಬೈಲ್ ರೋಗ ಅಂದ್ರೆ 1798ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ ಅಂತ ಒಬ್ರು ಡಾಕ್ಟ್ರು ಗಮನ ನಿಲ್ಲದವರ ಬಗ್ಗೆ ಬರ್ದದ್ದು ಯಾವ ಮೊಬೈಲ್ ನೋಡಿ? 1902ರಲ್ಲಿ ಲಂಡನ್ನಲ್ಲಿ ಜಾರ್ಜ್ ಸ್ಟಿಲ್ ಇಂಥದೇ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು ಉಂಟು, ಆಗ ರೇಡಿಯೋ ಕೂಡ ಮನೆಗೆ ಬಂದಿರ್ಲಿಲ್ಲ. ಕಡೇ ದಿನ ಬಿಲ್ಲು ಎಲ್ರೂ ಕಟ್ತಾರೆ ಸರಿ. ಅದು ಹನ್ನೆರಡು ವರ್ಷದ ಒಳಗೇ ಶುರುವಾಗಿ, ಶಾಲೆ ಮನೆ ಕೆಲಸ ಅಂತ ಒಂದಕ್ಕಿಂತ ಹೆಚ್ಚು ಕಡೆ ಬದುಕನ್ನು ಲಗಾಡಿ ತೆಗೀತಾ ಇದ್ರೆ ಮಾತ್ರ ಡಾಕ್ಟ್ರು ಆ ಹೆಸರು ಇಡುದು. ಅದಕ್ಕೇ ಇವರ ಅಮ್ಮನನ್ನು ಕರೆಸಿದ್ದು, ಪ್ರೋಗ್ರೆಸ್ ಕಾರ್ಡ್ ಕೇಳಿದ್ದು. ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನಲ್ಲೋ ಕಾಣುವಂಥದಲ್ಲ ಇದು.

ನಿಮ್ಮ ಅಜ್ಜನ ಮಾತಿಗೂ ಒಂದು ಉತ್ತರ ಉಂಟು. ಇದು ರಕ್ತದಲ್ಲೇ ಬರುದು, ಅವಳಿ ಮಕ್ಕಳ ಮೇಲೆ ಮಾಡಿದ ಅಧ್ಯಯನಗಳಲ್ಲಿ ವಂಶದ ಪಾಲು ಶೇಕಡಾ 70ರಿಂದ 80ರ ಹತ್ರ ಬರ್ತದೆ. ಊರಿಗೊಬ್ಬ ಇರ್ತಿದ್ದ, ಹತ್ತು ಕೆಲಸ ಹಿಡ್ದು ಒಂದನ್ನೂ ಮುಗಿಸದವ, ಅವನನ್ನು ಅಂಡೆಪಿರ್ಕಿ ಅಂತ ಕರ್ದು ಬಿಟ್ಟುಬಿಡ್ತಿದ್ರು, ಅಷ್ಟೇ ವ್ಯತ್ಯಾಸ.

@ಪಡುಬಿದ್ರಿ_ಎಕ್ಸ್‌ಪ್ರೆಸ್ ತಂಗೀ, ನಂಗೆ ನಲ್ವತ್ತು ದಾಟಿದ ಮೇಲೆ ಗೊತ್ತಾದದ್ದು. ಹವ್ಯಾಸಿ ಯಕ್ಷಗಾನ ತಂಡದಲ್ಲಿ ಭಾಗವತಿಕೆ (ಪದ ಹೇಳುದು) ಮಾಡುವವ ನಾನು. ಜಾಗಟೆ ಹಿಡ್ದು ಕೂತ್ರೆ ರಾತ್ರಿ ಬೆಳಗಾಗುವವರೆಗೆ ಒಂದು ಪದ ತಪ್ಪುದಿಲ್ಲ, ವೇಷದವ ಮಾತು ಎಲ್ಲಿ ನಿಲ್ಲಿಸ್ತಾನೆ ಅಂತ ಅವನಿಗಿಂತ ಮೊದಲು ನಂಗೆ ಗೊತ್ತಾಗ್ತದೆ, ಅವ ದಾರಿ ತಪ್ಪಿದ್ರೆ ಅಲ್ಲಿಂದಲೇ ಇನ್ನೊಂದು ಪದ ಎತ್ತಿ ಎಳ್ಕೊಂಡು ಬರ್ತೇನೆ. ಅದೇ ಮನುಷ್ಯನಿಗೆ ಸೊಸೈಟಿ ಸಾಲದ ಕಂತು ಕಟ್ಟುದು ನೆನಪಾಗುದಿಲ್ಲ. ಹೆಂಡ್ತಿ ಕೇಳುದು "ಅದಕ್ಕೆ ಮಂಡೆ ಓಡ್ತದೆ, ಇದಕ್ಕೆ ಯಾಕೆ ಓಡುದಿಲ್ಲ" ಅಂತ, ಅವಳ ತಪ್ಪಲ್ಲ, ಹೊರಗಿನಿಂದ ನೋಡುವವ್ರಿಗೆ ಹಾಗೆಯೇ ಕಾಣುದು. ಗಮನ ಇಲ್ಲ ಅಂತ ಅಲ್ಲ ಇದು, ಗಮನ ಎಲ್ಲಿಗೆ ಹೋಗ್ಬೇಕು ಅಂತ ಹೇಳುವ ಅಧಿಕಾರ ನಮ್ಮ ಕೈಲಿಲ್ಲ. ಆಸಕ್ತಿ ಇದ್ರೆ ಹೋಗ್ತದೆ, ತಲೆ ಮೇಲೆ ಕತ್ತಿ ಇದ್ರೆ ಹೋಗ್ತದೆ, ನಿಮ್ಮ 19ನೇ ತಾರೀಕು ಅದೇ.

ನಂಗೆ ಅತೀ ಕಷ್ಟ ಅಂದ್ರೆ ಪತ್ತನಾಜೆ, ಅಂದ್ರೆ ಆ ವರ್ಷದ ಯಕ್ಷಗಾನ ಆಟ ಮುಗಿಯುವ ದಿನ, ಕಳೆದ ಮೇಲೆ. ಆಟ ಇರುವ ತಿಂಗಳಲ್ಲಿ ಇಂಥ ದಿನ ಇಂಥ ಊರು, ಇಷ್ಟೊತ್ತಿಗೆ ಚೌಕಿ, ಎಲ್ಲ ಬೇರೆಯವ್ರೇ ನಿಗದಿ ಮಾಡಿರ್ತಾರೆ. ಮಳೆ ಶುರುವಾಗಿ ಅದೆಲ್ಲ ನಿಂತ್ರೆ ದಿನಗಳೇ ಕಲಸಿ ಹೋಗ್ತವೆ. ಈಗ ಮಳೆಗಾಲದಲ್ಲಿ ಬೇಕಂತಲೇ ವಾರಕ್ಕೆ ಎರಡು ದಿನ ಮಕ್ಕಳಿಗೆ ತಾಳ ಹೇಳಿಕೊಡುವ ಕ್ಲಾಸ್ ಇಟ್ಕೊಂಡಿದ್ದೇನೆ, ಮಕ್ಕಳು ಬಂದು ಚಾವಡಿಯಲ್ಲಿ ಕೂತ್ರೆ ಎದ್ದೇಳ್ಲೇಬೇಕಲ್ಲ.

ಚೀಟಿ_ಎರಡು_ಕಾಪಿ:

ನಾನು ಮಣಿಪಾಲದ ಕಡೆ ಫಾರ್ಮಸಿಯಲ್ಲಿ ಕೆಲಸ ಮಾಡುದು, ಮದ್ದಿನ ವಿಷಯ ನಾನು ಹೇಳ್ತೇನೆ. ಆ ಮೆಡಿಕಲ್‌ನ ಹುಡುಗ ಮುಖ ನೋಡಿದ್ದು ಸರಿ ಅಲ್ಲ, ಆದ್ರೆ ಇಡುದಿಲ್ಲ ಅಂದದ್ದು ಸುಳ್ಳಲ್ಲ. ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಮದ್ದು, ಅಂದ್ರೆ ಕಾನೂನಲ್ಲಿ ತುಂಬಾ ಬಿಗಿ ಇರುವ ಪಟ್ಟಿಯದ್ದು. ಅದನ್ನು ಮಾರ್ಲಿಕ್ಕೆ ಅಂಗಡಿಗೆ ಬೇರೆಯೇ ಲೈಸೆನ್ಸ್ ಬೇಕು, ಚೀಟಿ ಎರಡು ಪ್ರತಿ ಬೇಕು, ಒಂದು ನಾವು ಎರಡು ವರ್ಷ ಇಟ್ಕೊಳ್ಬೇಕು, ರಿಜಿಸ್ಟರ್ ಬೇರೆ, ಬೀಗ ಹಾಕಿದ ಕಪಾಟು ಬೇರೆ. ತಿಂಗಳಿಗೆ ನಾಲ್ಕು ಜನ ಕೇಳುವ ಮದ್ದಿಗೆ ಮೂಲೆಯ ಮೆಡಿಕಲ್‌ನವ ಇಷ್ಟೆಲ್ಲ ಪಂಚಾಯ್ತಿಗೆ ಹೋಗುದಿಲ್ಲ. ಹಾಗಾಗಿ ಸೈಕಿಯಾಟ್ರಿ ವಿಭಾಗ ಇರುವ ದೊಡ್ಡ ಆಸ್ಪತ್ರೆಯ ಒಳಗಿನ ಫಾರ್ಮಸಿಯಲ್ಲಿ ಕೇಳಿ. ನಮ್ಮಲ್ಲಿ ಅಂಥ ಆಸ್ಪತ್ರೆಗೆ ಬರ ಇಲ್ಲ, ಕಂಕನಾಡಿ, ಅತ್ತಾವರ, ದೇರಳಕಟ್ಟೆ, ಉಡುಪಿಯ ದೊಡ್ಡಣಗುಡ್ಡೆ, ಮಣಿಪಾಲ. ಹೋಗುವ ಮೊದಲು ಫೋನ್ ಮಾಡಿ ಸ್ಟಾಕ್ ಉಂಟಾ ಕೇಳಿ, ಪೊಕ್ಕಡೆ ಬಸ್ ಚಾರ್ಜ್ ದಂಡ ಬೇಡ. ಡಾಕ್ಟ್ರ ಹತ್ರ ಎರಡು ಪ್ರತಿ ಬರ್ಸಿಕೊಳ್ಳಿ, ಜೆರಾಕ್ಸ್ ಆಗುದಿಲ್ಲ. ಇನ್ನೊಂದು, ವಿಡಿಯೋ ಕಾಲಲ್ಲಿ ಡಾಕ್ಟ್ರು ಇದನ್ನು ಬರ್ದು ಕೊಡುವ ಹಾಗಿಲ್ಲ, 2020ರ ಟೆಲಿಮೆಡಿಸಿನ್ ನಿಯಮದಲ್ಲೇ ಶೆಡ್ಯೂಲ್ ಎಕ್ಸ್ ನಿಷೇಧ. ಆನ್‌ಲೈನಲ್ಲಿ ಚೀಟಿ ಸಮೇತ ಕೊಡ್ತೇವೆ ಅಂತ ಯಾರಾದ್ರೂ ಹೇಳಿದ್ರೆ ದೂರ ಇರಿ.

ಇಷ್ಟು ಬಿಗಿ ಯಾಕೆ ಅಂದ್ರೆ ಪರೀಕ್ಷೆಗೆ ಓದ್ಲಿಕ್ಕೆ, ಅಮಲಿಗೆ ಅಂತ ದುರುಪಯೋಗ ಮಾಡುವವ್ರು ಇದ್ದಾರೆ. ಡಾಕ್ಟ್ರು ಹೇಳಿದ ಪ್ರಮಾಣದಲ್ಲಿ ತಗೊಳ್ಳುವವ್ರ ಕಥೆ ಬೇರೆ. ಸಾಮಾನ್ಯ ಗುಳಿಗೆ ಮೂರು ನಾಲ್ಕು ಗಂಟೆ ಕೆಲಸ ಮಾಡ್ತದೆ, ಮತ್ತೆ ಇಳೀತದೆ. ನಿಧಾನ ಕರಗುವ ನಮೂನೆಯದು ಎಂಟು ಗಂಟೆಯ ಮೇಲೆ. ಮೆದುಳಲ್ಲಿ ಡೋಪಮಿನ್, ನಾರ್‌ಅಡ್ರಿನಾಲಿನ್ ಅನ್ನುವ ರಾಸಾಯನಿಕ ಬಿಡುಗಡೆ ಆದದ್ದನ್ನು ನರಕೋಶ ವಾಪಸ್ ಎಳ್ಕೊಳ್ತದಲ್ಲ, ಅದನ್ನು ಇದು ತಡೀತದೆ, ಅಷ್ಟೇ. ಹಸಿವು ಕಮ್ಮಿ ಆಗುದು, ಬಾಯಿ ಒಣಗುದು, ನಿದ್ದೆ ದೂರ ಹೋಗುದು ಸಾಮಾನ್ಯ. ಬಿಪಿ ಮತ್ತು ನಾಡಿ ನೋಡ್ತಾ ಇರ್ಬೇಕು, ಮನೆಯಲ್ಲಿ ಸಣ್ಣ ಪ್ರಾಯಕ್ಕೆ ಹಾರ್ಟಿನ ತೊಂದರೆ ಆದವ್ರು ಯಾರಾದ್ರೂ ಇದ್ರೆ ಮೊದಲೇ ಹೇಳಿ. ನಿಮ್ಗೆ ಎದೆ ಡವಡವ ಇದ್ದದ್ದು ಡಾಕ್ಟ್ರಿಗೆ ಗೊತ್ತುಂಟು, ಆದ್ರೂ ಇನ್ನೊಮ್ಮೆ ನೆನಪಿಸಿ.

(ಒಂದು ತಮಾಷೆ: ಈ ಮದ್ದನ್ನು 1944ರಲ್ಲಿ ತಯಾರಿಸಿದ ಪನಿಝೋನ್ ಅನ್ನುವ ವಿಜ್ಞಾನಿ ಹೆಂಡ್ತಿಯ ಹೆಸರಲ್ಲೇ ಅದಕ್ಕೆ ರಿಟಾಲಿನ್ ಅಂತ ಹೆಸರಿಟ್ಟದ್ದು. ಅವಳು ರೀಟಾ. ನಮ್ಮ ಊರಲ್ಲಿ ಹತ್ತು ಮನೆಗೊಬ್ರು ರೀಟಾ ಬಾಯಿ ಇದ್ದಾರೆ, ಒಬ್ರಿಗೂ ಈ ವಿಷಯ ಗೊತ್ತಿರ್ಲಿಕ್ಕಿಲ್ಲ.)

ಸುಮ್ನೆ_ಹೇಳಿದ್ದು:

ಸರಿ ಮಾರಾಯ್ರೆ, 1798 ನಂಗೆ ಗೊತ್ತಿರ್ಲಿಲ್ಲ. ಆದ್ರೂ ಪ್ರಾಣಾಯಾಮದಿಂದ ನಷ್ಟ ಎಂತ ಉಂಟು?

ನೀರ್‌ದೋಸೆ_ಸಂತೆಕಟ್ಟೆ:

ನಷ್ಟ ಇಲ್ಲ, ಆದ್ರೆ ದಿನಾ ಒಂದೇ ಹೊತ್ತಿಗೆ ಕೂತು ಮಾಡ್ಲಿಕ್ಕೆ ಆಗ್ತಿದ್ರೆ ನಾವು ಯಾಕೆ ಡಾಕ್ಟ್ರ ಹತ್ರ ಹೋಗ್ತಿದ್ದೆವು 😄

@ಪಡುಬಿದ್ರಿ_ಎಕ್ಸ್‌ಪ್ರೆಸ್ ನಾನು ಮೊದಲು ಮಿಥೈಲ್‌ಫೆನಿಡೇಟ್ ತಗೊಂಡೆ, ಊಟವೇ ಬೇಡ ಅನಿಸಿ ಮುಖ ಸೊರಗಿ ಹೋಯ್ತು, ಹಾಗೆ ಡಾಕ್ಟ್ರು ಆಟೊಮೊಕ್ಸಿಟಿನ್ ಅನ್ನುವ ಇನ್ನೊಂದು ಎಡಿಎಚ್‌ಡಿ ಮದ್ದಿಗೆ ಬದಲಾಯಿಸಿದ್ರು. ಅದು ಶೆಡ್ಯೂಲ್ ಎಕ್ಸ್ ಅಲ್ಲ, ಸುಲಭದಲ್ಲಿ ಸಿಗ್ತದೆ, ಆದ್ರೆ ಗುಣ ಕಾಣ್ಲಿಕ್ಕೆ ವಾರಗಟ್ಟಲೆ ಬೇಕು, ಮೊದಮೊದಲು ಹೊಟ್ಟೆ ತೊಳಸ್ತದೆ, ಸಿಟ್ಟು ಬಂದು ಬಿಟ್ಟುಬಿಡುವ ಅಂತ ಕಾಣ್ತದೆ. ಮಿಥೈಲ್‌ಫೆನಿಡೇಟ್ ಹಾಗಲ್ಲ, ತಗೊಂಡ ದಿನವೇ ಗೊತ್ತಾಗ್ತದೆ. ಹೇಗೆ ಗೊತ್ತಾಯ್ತು ಅಂದ್ರೆ, ಪಾತ್ರೆ ತೊಳೀಬೇಕು ಅನಿಸ್ತು, ಎದ್ದೆ, ತೊಳೆದೆ. ನಡುವಲ್ಲಿ ನನ್ನ ಜೊತೆ ನಾನೇ ಜಗಳ ಆಡುದು ಇರ್ಲಿಲ್ಲ. ಬೇರೆಯವ್ರೆಲ್ಲ ದಿನಾ ಹೀಗೆಯೇ ಇರುದಾ ಅಂತ ನೆನಸಿ ಸಿಂಕಿನ ಹತ್ರ ನಿಂತು ಅತ್ತದ್ದು ಉಂಟು.

ಆದ್ರೆ ಮದ್ದು ಬಿಲ್ಲು ಕಟ್ಟುದಿಲ್ಲ, ನೀವೇ ಕಟ್ಬೇಕು. ಅದಕ್ಕೆ ಉಪಾಯ ಬೇರೆ ಬೇಕು. ಮೆಸ್ಕಾಂ, ಫೋನ್ ಎಲ್ಲ ಬ್ಯಾಂಕಿಂದ ತನ್ನಷ್ಟಕ್ಕೆ ಕಟ್ ಆಗುವ ಹಾಗೆ ಆಟೋ ಪೇ ಮಾಡಿ ಇಡಿ, ನೆನಪಿನ ಮೇಲೆ ಯಾವುದನ್ನೂ ಬಿಡ್ಬೇಡಿ. ಇನ್ನು ನಂಗೆ ಅತೀ ಹೆಚ್ಚು ಉಪಕಾರ ಆದದ್ದು ನಮ್ಮ ಅತ್ತೆ. ಅವ್ರು ಬೀಡಿ ಕಟ್ಟುದು. ಮಧ್ಯಾಹ್ನ ಊಟ ಆದ್ಮೇಲೆ ಮಡಿಲಲ್ಲಿ ತಡ್ಪೆ ಇಟ್ಟು ಕೂತ್ರು ಅಂದ್ರೆ ಎಲೆ ಕತ್ತರಿಸುದು, ಹೊಗೆಸೊಪ್ಪು ಹಾಕುದು, ಸುತ್ತುದು, ನೂಲು ಕಟ್ಟುದು, ಕೈ ನಿಲ್ಲುದೇ ಇಲ್ಲ, ಬ್ರಾಂಚಿಗೆ ಕೊಡುವ ಲೆಕ್ಕ ಆಗ್ಬೇಕಲ್ಲ. ನಾನು ಲ್ಯಾಪ್‌ಟಾಪ್ ಹಿಡ್ಕೊಂಡು ಅವರ ಪಕ್ಕ ಚಾಪೆಯಲ್ಲಿ ಕೂತುಬಿಡ್ತೇನೆ. ಅವ್ರು ಒಂದು ಮಾತಾಡುದಿಲ್ಲ, ನಾನು ಎಂತ ಮಾಡ್ತೇನೆ ಅಂತ ನೋಡುದೂ ಇಲ್ಲ. ಆದ್ರೂ ಒಬ್ಳೇ ರೂಮಲ್ಲಿ ಕೂತ್ರೆ ಮೂರು ದಿನ ಎಳೆಯುವ ಕೆಲಸ ಅಲ್ಲಿ ಒಂದು ಮಧ್ಯಾಹ್ನಕ್ಕೆ ಆಗ್ತದೆ. ಡಾಕ್ಟ್ರಿಗೆ ಹೇಳಿದಾಗ ನಕ್ಕು, ಇದಕ್ಕೆ ಬಾಡಿ ಡಬ್ಲಿಂಗ್ ಅಂತಲೇ ಹೆಸರುಂಟು, ಬಿಡ್ಬೇಡಿ ಅಂದ್ರು. ನಿಮ್ಮ ಆಫೀಸಲ್ಲಿ ಯಾರಾದ್ರೂ ಒಬ್ರು 15ನೇ ತಾರೀಕಿಗೆ ನಿಮ್ಮ ಜೊತೆ ಕೂತು ಅವರ ಫೈಲ್ ಮಾಡ್ತಾ ಇದ್ರೆ ಸಾಕು, ನಿಮ್ಮದೂ ಓಪನ್ ಆಗ್ತದೆ.

ಹಾಗಾಗಿ ಆಫೀಸಲ್ಲಿ ರೋಗದ ಹೆಸರು ಹೇಳ್ಬೇಡಿ ಅಂತ ನನ್ನ ಅಭಿಪ್ರಾಯ, ಬೇಕಾದ್ದು ಎಂತ ಅಂತ ಮಾತ್ರ ಹೇಳಿ. "ಸರ್, 20ಕ್ಕೆ ಅಂತ ಒಟ್ಟಿಗೆ ಕೊಡ್ಬೇಡಿ, 12ಕ್ಕೆ ಐದು ಪಾರ್ಟಿಯ ಫೈಲ್, 15ಕ್ಕೆ ಐದು ಪಾರ್ಟಿಯ ಫೈಲ್ ಅಂತ ಕೇಳಿ" ಅಂದ್ರೆ ಯಾವ ಬಾಸೂ ಬೇಡ ಅನ್ನುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧ ಹೇಳಿದ್ದಾರೆ, ಅದ್ರಲ್ಲಿ ಎಡಿಎಚ್‌ಡಿ ಅಂತ ಹೆಸರು ಹಿಡ್ದು ಇಲ್ಲ, ಹಾಗಾಗಿ ಸಣ್ಣ ಆಫೀಸಲ್ಲಿ ಹೆಸರು ಹೇಳಿ ಸಿಗುದು ಕಮ್ಮಿ, ಬಾಯಿಂದ ಬಾಯಿಗೆ ಹೋಗುದು ಜಾಸ್ತಿ.

ಅಮ್ಮನ ಹತ್ರ ಜಗಳ ಬೇಡ. ಪ್ರಶ್ನೆ ಇಡ್ಸಲಿ, ದೈವಕ್ಕೆ ಹರಕೆ ಹೇಳ್ಲಿ, ಅವರ ಸಮಾಧಾನ ಅವರಿಗೆ, ನೀವು ಮದ್ದು ಶುರು ಮಾಡಿ. ಸಂಬಂಧದ ವಿಷಯ ಬ್ರೋಕರಿಗೆ ಹೇಳುದು ಬೇಡವೇ ಬೇಡ, ಆದ್ರೆ ಮಾತು ಮುಂದುವರಿದ್ರೆ ಹುಡುಗನ ಹತ್ರ ನೀವೇ ಹೇಳಿ. ನಾನು ನಿಶ್ಚಯಕ್ಕೆ ಮೊದಲು ಹೇಳಿದೆ, ಅವ್ರು ಕೇಳಿದ್ದು ಒಂದೇ, "ಗಾಡಿ ಕೀ ನಾನೇ ಇಟ್ಕೊಳ್ಬೇಕಾ?" ಮದುವೆ ಆಗಿ ಮಗು ಬೇಕು ಅಂತ ಯೋಚನೆ ಮಾಡುವಾಗ ಮಾತ್ರ ಡಾಕ್ಟ್ರಿಗೆ ಮೊದಲೇ ತಿಳಿಸಿ, ಮದ್ದು ಮುಂದುವರಿಸುದಾ ನಿಲ್ಲಿಸುದಾ ಅವ್ರೇ ಹೇಳ್ಬೇಕು.

ಪಡುಬಿದ್ರಿ_ಎಕ್ಸ್‌ಪ್ರೆಸ್:

ಓದಿ ಕಣ್ಣಲ್ಲಿ ನೀರು ಬಂತು ಎಲ್ರದ್ದೂ. ಚೆಂಡೆಪೆಟ್ಟು ಅಣ್ಣ, ನಿಮ್ಮ ಉತ್ತರ ಅಮ್ಮನಿಗೆ ಓದಿ ಹೇಳಿದೆ, ಭಾಗವತರು ಅಂದ ಕೂಡ್ಲೇ ಸ್ವಲ್ಪ ತಣ್ಣಗಾದ್ರು, "ಅವರಿಗೂ ಉಂಟಾ" ಅಂತ. ಪ್ರಶ್ನೆ ಇಡುದು ಇದ್ದೇ ಉಂಟಂತೆ, ಇರ್ಲಿ. ಚೀಟಿಯವ್ರಿಗೆ ಒಂದು ಡೌಟು, ನಾನು ಬೆಳಿಗ್ಗೆ ಏಳೂವರೆಗೆ ಬಸ್ ಹತ್ತುದು, ತಿಂಡಿ ತಿನ್ಲಿಕ್ಕೆ ಪುರ್ಸೊತ್ತಿರುದಿಲ್ಲ, ಒಂದು ಕಾಫಿ ಕುಡ್ದು ಓಡುದು. ಗುಳಿಗೆ ಯಾವಾಗ ತಗೊಳ್ಳುದು?

ಚೀಟಿ_ಎರಡು_ಕಾಪಿ:

ತಿಂಡಿ ಬಿಡ್ಬೇಡಿ, ಗುಳಿಗೆ ಒಳಗೆ ಹೋದ ಮೇಲೆ ಹಸಿವು ಆಗುದಿಲ್ಲ, ಮಧ್ಯಾಹ್ನವೂ ಊಟ ಸೇರುದಿಲ್ಲ, ಮತ್ತೆ ಅದು ಇಳಿಯುವಾಗ ಖಾಲಿ ಹೊಟ್ಟೆಯಲ್ಲಿ ತಲೆನೋವು, ಪಿರಿಪಿರಿ ಎಲ್ಲ ಒಟ್ಟಿಗೆ ಬರ್ತದೆ. ಡಬ್ಬದಲ್ಲಿ ಎರಡು ಇಡ್ಲಿ ತಗೊಂಡು ಹೋಗಿ, ಆಫೀಸಿಗೆ ಮುಟ್ಟಿ ತಿಂದು ಆಮೇಲೆ ತಗೊಂಡ್ರೂ ಆಗ್ತದೆ, ಕೆಲಸ ಇರುದು ಆಫೀಸಲ್ಲಿ ತಾನೇ, ಬಸ್ಸಲ್ಲಿ ಅಲ್ಲ. ಕಾಫಿ ಕಮ್ಮಿ ಮಾಡಿ, ಎರಡೂ ಸೇರಿದ್ರೆ ಡವಡವ ಜಾಸ್ತಿ ಆಗ್ಬಹುದು. ಎರಡನೇ ಡೋಸ್ ಬರ್ದಿದ್ರೆ ಸಂಜೆಗೆ ತಳ್ಳಬೇಡಿ, ರಾತ್ರಿ ನಿದ್ದೆ ಹೋಗ್ತದೆ. ಹೊತ್ತು ಬದಲಾಯಿಸುವ ಮೊದಲು ಡಾಕ್ಟ್ರಿಗೆ ಒಂದು ಮಾತು ಕೇಳಿ.

ಚೆಂಡೆಪೆಟ್ಟು:

ಮದ್ದು ಶುರು ಮಾಡುವವರೆಗೆ, ಅಥವಾ ಶುರು ಮಾಡಿದ ಮೇಲೂ, ರಾತ್ರಿ ಹೊತ್ತು ಮನಸ್ಸು ತೀರಾ ಕುಗ್ಗಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ತಂಗೀ, ಆ ಮೆಸ್ಕಾಂ ಆಟೋ ಪೇ ಇವತ್ತೇ ಮಾಡಿ. ಮಾಡಿ ಆದ ಮೇಲೆ ಇಲ್ಲಿ ಬಂದು "ಆಯ್ತು" ಅಂತ ಹಾಕಿ, ನಾವು ಕಾಯ್ತೇವೆ.

ಪಡುಬಿದ್ರಿ_ಎಕ್ಸ್‌ಪ್ರೆಸ್:

ಪಾಸ್‌ವರ್ಡ್ ಮರ್ತು ಹೋಗಿದೆ, ರೀಸೆಟ್ ಮಾಡ್ತಾ ಇದ್ದೇನೆ, ಯಾರೂ ಹೋಗ್ಬೇಡಿ.