ಮತ್ತೆ ಚೆಂಡು ಬಿತ್ತು (3ನೇ ಕ್ರಾಸ್, ಗಾಲ್ಫ್ ರೇಂಜ್ ಕಡೆಯ ಸಾಲು)

ಭಟ್, 214 (ರಾತ್ರಿ 11:08)
ಸಾಕಾಯಿತು. ಈಗಷ್ಟೇ ಟೆರೇಸಿನಿಂದ ಇಳಿದು ಬಂದೆ, ಪಂಚೆಯೆಲ್ಲ ಒದ್ದೆ. 10:40ಕ್ಕೆ ಢಮಾರ್ ಅಂತ ಸದ್ದಾಯಿತು. ಟ್ರಾನ್ಸ್‌ಫಾರ್ಮರ್ ಹೋಯಿತು ಅಂದುಕೊಂಡೆ. ಮೇಲೆ ಹೋಗಿ ನೋಡಿದರೆ ಸೋಲಾರ್‌ನ ಎರಡು ಟ್ಯೂಬ್ ಪುಡಿಪುಡಿ. ಟ್ಯಾಂಕಿನ ಬಿಸಿನೀರೆಲ್ಲ ಮೆಟ್ಟಿಲ ಮೇಲೆ ಹರಿಯುತ್ತಿದೆ. ಗಾಜಿನ ಚೂರಿನ ಮಧ್ಯೆ ಚೆಂಡು ಕೂತಿದೆ, ಮೈಮೇಲೆ ಒಂದು ಗೀರೂ ಇಲ್ಲ. ಕೆಂಪು ಪಟ್ಟೆ ಇದೆ, ಅಂದರೆ ಗಾಲ್ಫ್ ಪ್ರಾಕ್ಟೀಸ್ ಮಾಡುವ ಆ ರೇಂಜಿನದ್ದೇ. ಈ ವರ್ಷ ನಮ್ಮ ಮನೆಗೆ ಇದು ಒಂಬತ್ತನೆಯದು. ಅಮ್ಮ ಸಂಜೆ ಒಣಗಿದ ಬಟ್ಟೆ ತೆಗೆಯುವುದು ಅದೇ ಜಾಗದಲ್ಲಿ. ಎಂಬತ್ತೊಂದು ವರ್ಷ ಅವರಿಗೆ. ಯಾರದ್ದಾದರೂ ತಲೆ ಒಡೆದ ಮೇಲೆ ಮೀಟಿಂಗ್ ಕರೆಯುತ್ತೀರಾ ಕಾರ್ಯದರ್ಶಿಗಳೇ? ಲೈಟ್ ಇನ್ನೂ ಉರಿಯುತ್ತಿದೆ. ರೇಂಜಿನವರು ಹತ್ತಕ್ಕೆ ಆರಿಸುತ್ತೇವೆ ಅಂದಿದ್ದರು ಅಲ್ವಾ?

220, ಮೇಲಿನ ಮಹಡಿ (11:11)
ಸಿಕ್ಸರ್!
ಸಾರಿ ಅಂಕಲ್. ಅಜ್ಜಿ ಹುಷಾರಾಗಿದ್ದಾರಾ?

ಶೆಟ್ಟಿ ಮೇಡಂ, 207 (11:14)
ಭಟ್ರೇ, ಗಾಜು ಈಗ ಮುಟ್ಟಬೇಡಿ, ಬೆಳಿಗ್ಗೆ ಗುಡಿಸಿದರಾಯಿತು. ನಮ್ಮ ಕಾರಿನ ಕನ್ನಡಿಯದ್ದೂ ಇನ್ನೂ ಇತ್ಯರ್ಥ ಆಗಿಲ್ಲ. ಚೆಂಡು ತಡೆಯುವ ರೇಂಜಿನ ಬಲೆ ಎರಡನೇ ಕಂಬದಿಂದ ನಾಲ್ಕನೇ ಕಂಬದ ತನಕ ಹರಿದಿದೆ. ಮೇ ತಿಂಗಳ ಗಾಳಿಮಳೆಗೆ ಹರಿದದ್ದು, ಹಾಗೇ ಬಿಟ್ಟಿದ್ದಾರೆ.

ರಾವ್, 198 (11:19)
ಭಟ್ರೇ, ಕೇಳಿ ಬೇಜಾರಾಯಿತು. ಆದರೆ ಇದು ಬಲೆಯ ತಪ್ಪು ಅಂತ ಸುಮ್ನೆ ಹೇಳಿಬಿಡಬಾರದು. ಇದಕ್ಕೆ ಸ್ಲೈಸ್ ಅನ್ನುತ್ತಾರೆ. ಬಲಗೈ ಆಟಗಾರ ಹೊಡೆದ ಚೆಂಡು ಬಲಕ್ಕೆ ಬಾಗುತ್ತದೆ. ರೇಂಜಿನ ಬಲಕ್ಕೆ ಇರುವುದು 3ನೇ ಕ್ರಾಸ್. ಹೊಸಬರು ಬಂದ ದಿನವೇ ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದನೆಯ ಕೋಲು, ಹಿಡಿಯುತ್ತಾರೆ, ಅದೇ ಸಮಸ್ಯೆ. ಮೊದಲು ಏಳನೇ ನಂಬರ್ ಐರನ್ ಅನ್ನುವ ಗಿಡ್ಡ ಕೋಲಿನಲ್ಲಿ ಕಲಿಯಬೇಕು. ನನಗೂ ಕೋಚ್ ಮೂರು ತಿಂಗಳು ಡ್ರೈವರ್ ಮುಟ್ಟಲು ಬಿಟ್ಟಿರಲಿಲ್ಲ.

ಭಟ್, 214 (11:21)
ರಾವ್ ಸರ್, ನನಗೆ ಸ್ಲೈಸ್ ಅಂದರೆ ಬ್ರೆಡ್ಡು ಮಾತ್ರ ಗೊತ್ತು. ಟ್ಯೂಬಿಗೆ ದುಡ್ಡು ಯಾರು ಕೊಡುತ್ತಾರೆ ಹೇಳಿ.

ರಾವ್, 198 (11:24)
ಅದಕ್ಕೂ ಬರುತ್ತೇನೆ. ಚೆಂಡು 45.93 ಗ್ರಾಂಗಿಂತ ಜಾಸ್ತಿ ತೂಗಬಾರದು ಅಂತ ನಿಯಮ ಇದೆ. ಇಷ್ಟು ಹಗುರದ ಚೆಂಡಿಗೆ ಟ್ಯೂಬ್ ಒಡೆಯಿತು ಅಂದರೆ ಟ್ಯೂಬಿನ ಗುಣಮಟ್ಟವನ್ನೂ ನೋಡಬೇಕಾಗುತ್ತದೆ.

ಭಟ್, 214 (11:37)
ಅಡುಗೆಮನೆ ತಕ್ಕಡಿಯಲ್ಲಿ ಹಾಕಿ ನೋಡಿದೆ. 45 ತೋರಿಸುತ್ತಿದೆ. ನಿಯಮ ಪಾಲಿಸಿಯೇ ಒಡೆದಿದ್ದಾರೆ, ಸಂತೋಷ.

ಕಾರ್ಯದರ್ಶಿ (ಬೆಳಿಗ್ಗೆ 6:02)
ಎಲ್ಲರಿಗೂ ನಮಸ್ಕಾರ. ಭಟ್ಟರ ಮನೆಯ ವಿಷಯ ಗಮನಕ್ಕೆ ಬಂದಿದೆ. ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕಿನಲ್ಲಿ ಸೇರೋಣ. ರೇಂಜಿಗೆ ಕೊಡುವ ಪತ್ರದಲ್ಲಿ ಮೂರೇ ಅಂಶ ಇರಲಿ: ಬಲೆ, ಲೈಟ್ ಆರಿಸುವ ಸಮಯ, ನಷ್ಟ ಪರಿಹಾರ. ದಯವಿಟ್ಟು ಚರ್ಚೆ ಇಷ್ಟಕ್ಕೇ ಇರಲಿ.

ಆಂಟಿ, 189 (6:15)
ಶುಭೋದಯ. *ಫಾರ್ವರ್ಡ್* ನಿಮಗಿದು ಗೊತ್ತೇ? ಗಾಲ್ಫ್ ಎಂಬ ಹೆಸರು ಬಂದದ್ದು 'ಗಂಡಸರಿಗೆ ಮಾತ್ರ, ಹೆಂಗಸರಿಗೆ ಪ್ರವೇಶವಿಲ್ಲ' ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದ! ಎಲ್ಲ ತಾಯಂದಿರಿಗೂ ಕಳಿಸಿ.

ಮೇಷ್ಟ್ರು, 203 (6:40)
ಅಮ್ಮಾ, ಅದು ಕಟ್ಟುಕಥೆ. ಹಳೆಯ ಸ್ಕಾಟ್ ಮಾತಿನಿಂದ ಬಂದ ಹೆಸರು ಅದು. 1457ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು ಈ ಆಟವನ್ನು ನಿಷೇಧಿಸಿತ್ತು. ಹುಡುಗರು ಬಿಲ್ವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದಿದ್ದರಂತೆ. ಆದರೆ ಫಾರ್ವರ್ಡು ಪೂರ್ತಿ ಸುಳ್ಳು ಅಂತಲೂ ಅಲ್ಲ. ಅದೇ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ದೊಡ್ಡ ಗಾಲ್ಫ್ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಒಪ್ಪಿದ್ದು 2014ರಲ್ಲಿ.

220, ಮೇಲಿನ ಮಹಡಿ (6:52)
1457ರಲ್ಲೇ ನಿಷೇಧ ಅಂದರೆ ಆಗಲೇ ಅಲ್ಲೊಂದು ನಿವಾಸಿಗಳ ಸಂಘ ಇತ್ತು ಅಂತಾಯಿತು. ಅವರ ಕಾರ್ಯದರ್ಶಿ ಚುರುಕಾಗಿದ್ದರು.

ಗೌಡ, 231 (7:05)
ಪತ್ರ ಬರೆಯುವುದೇನೋ ಸರಿ. 2021ರಲ್ಲಿ ರೇಂಜ್ ಬರುವಾಗ ಸಂಘದಿಂದ ಆಕ್ಷೇಪಣೆ ಇಲ್ಲ ಅಂತ ಸಹಿ ಹಾಕಿ ಕೊಟ್ಟವರು ಯಾರು? ಅದನ್ನು ಮೊದಲು ಹೇಳಿ. ಆಗ ನಾನು ಬೇಡ ಅಂದಿದ್ದೆ.

ಶೆಟ್ಟಿ ಮೇಡಂ, 207 (7:11)
ಎಲ್ಲರೂ ಸೇರಿಯೇ ಕೊಟ್ಟದ್ದು ಗೌಡ್ರೇ. ಯಾಕೆ ಕೊಟ್ಟೆವು ಅನ್ನುವುದೂ ನೆನಪಿರಲಿ. ಆ ಆಗಸ್ಟ್ 7ರ ಶನಿವಾರ ಬೆಳಗಿನ ಜಾವ ಇಡೀ ಕ್ರಾಸಿನಲ್ಲಿ ಟಿವಿ ಹಾಕಿತ್ತು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಲ್ಫ್ ಆಡುತ್ತಿದ್ದಳು, ಕೋಲುಗಳ ಬ್ಯಾಗ್ ಹೊತ್ತಿದ್ದವರು ಅವಳ ಅಮ್ಮ. ಬರ್ಡಿ ಅಂದರೇನು, ಬೋಗಿ ಅಂದರೇನು ನಮಗ್ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯವರು ಮೊಬೈಲಿನಲ್ಲಿ ಹುಡುಕಿ ಹುಡುಕಿ ಹೇಳುತ್ತಿದ್ದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ಮಗಳು ಅತ್ತುಬಿಟ್ಟಳು. ಆಮೇಲೆ ಎರಡೇ ತಿಂಗಳಿಗೆ ರೇಂಜ್ ಬಂತು. ಯಾರಿಗೆ ಬೇಡ ಅನ್ನಲು ಮನಸ್ಸು ಬರುತ್ತಿತ್ತು ಹೇಳಿ?

ಗೌಡ, 231 (7:16)
ಅದೇ ದಿನ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು ಮೇಡಂ. ಹಾಗಂತ ಬಡಾವಣೆಯಲ್ಲಿ ಭರ್ಜಿ ಎಸೆಯಲು ಬಿಡುತ್ತೀರಾ?

220, ಮೇಲಿನ ಮಹಡಿ (7:17)
ಗೌಡ್ರೇ, ಇದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಭಟ್, 214 (7:20)
ಜಾಗ ಬಾಡಿಗೆಗೆ ಕೊಟ್ಟವರು ನಿಮ್ಮ ಮನೆಯವರೇ ಅಲ್ವಾ ಗೌಡ್ರೇ?

ಗೌಡ, 231 (7:22)
ನಮ್ಮ ಚಿಕ್ಕಪ್ಪನ ಮಕ್ಕಳು ಕೊಟ್ಟದ್ದು. ನಮಗೂ ಅವರಿಗೂ ಮಾತು ಬಿಟ್ಟು ಆರು ವರ್ಷ ಆಯಿತು. ಅದು ರಾಗಿ ಹೊಲ. ನಾನು ಆ ಹೊಲದಲ್ಲಿ ಕುಂಟೆ ಹೊಡೆದಿದ್ದೇನೆ. ಈಗ ಅಲ್ಲಿ ಪ್ಲಾಸ್ಟಿಕ್ ಚಾಪೆ ಮೇಲೆ ನಿಂತು ಬಕೆಟ್ ಚೆಂಡು ಹೊಡೆಯುತ್ತಾರೆ. ಬಾಡಿಗೆಯ ಒಂದು ರೂಪಾಯಿ ನನ್ನ ಕೈಗೆ ಬಂದಿಲ್ಲ, ಇಲ್ಲಿ ಮಾತು ಮಾತ್ರ ನನ್ನ ತಲೆಗೆ.

ರಾವ್, 198 (7:40)
ಸ್ವಲ್ಪ ದೊಡ್ಡ ಚಿತ್ರ ನೋಡೋಣ. ಗಾಲ್ಫ್ ಅಂದರೆ ಸಾಹೇಬರ ಆಟ ಅನ್ನುವ ಕಾಲ ಹೋಯಿತು. ಹೈ ಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದ್ದು, ಅಲ್ಲಿ ಸದಸ್ಯತ್ವ ಸಿಗುವುದು ನಮ್ಮಂಥವರಿಗೆ ಕನಸು. ಅದಕ್ಕೇ ರೇಂಜ್ ಬೇಕು. ಒಂದು ಬಕೆಟ್ ಚೆಂಡಿಗೆ ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಬಿಡದಿ ಕಡೆಯ ಚಿಕ್ಕರಂಗಪ್ಪ ಹುಡುಗನಾಗಿ ಮೈದಾನದಲ್ಲಿ ಚೆಂಡು ಹೆಕ್ಕುತ್ತಿದ್ದವರು, ಇವತ್ತು ವೃತ್ತಿಪರ ಆಟಗಾರ. ಅಮೆರಿಕ, ಇಂಗ್ಲೆಂಡಿನಲ್ಲಿ ಜನ ಈ ಆಟ ಬಿಡುತ್ತಿದ್ದರು. ಕೊರೊನಾ ಬಂದ ಮೇಲೆ ಬಯಲಲ್ಲಿ ಆಡುವ ಆಟ ಅಂತ ಮತ್ತೆ ಬಂದರು. 112 ವರ್ಷ ಬಿಟ್ಟು 2016ರಲ್ಲಿ ಒಲಿಂಪಿಕ್ಸ್‌ಗೂ ವಾಪಸ್ ಬಂತು. ಬ್ಯಾಂಕಿನಿಂದ ನಿವೃತ್ತಿ ಆದ ಮೇಲೆ ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದೇ ಇದರಿಂದ. ಇಂಥದ್ದು ನಮ್ಮ ಮನೆ ಬಾಗಿಲಿಗೇ ಬಂದಿದೆ. ಹೆಮ್ಮೆ ಪಡಬೇಕು.

ಭಟ್, 214 (7:43)
ನನ್ನ ಮನೆಗೆ ಬಾಗಿಲಿನಿಂದ ಬಂದಿಲ್ಲ ಸರ್. ಮೇಲಿನಿಂದ ಬರುತ್ತಿದೆ.

220, ಮೇಲಿನ ಮಹಡಿ (7:49)
ಒಂದು ವಿಷಯ. ಜಪಾನಿನಲ್ಲಿ ಗಾಲ್ಫ್ ಹುಚ್ಚು ಇಳಿದ ಮೇಲೆ ಖಾಲಿ ಬಿದ್ದ ಎಷ್ಟೋ ಮೈದಾನಗಳಲ್ಲಿ ಸೋಲಾರ್ ಫಲಕ ಹಾಕಿದ್ದಾರೆ. ಅಲ್ಲಿ ಗಾಲ್ಫ್ ಹೋಗಿ ಸೋಲಾರ್ ಬಂತು. ನಮ್ಮಲ್ಲಿ ಗಾಲ್ಫ್ ಬಂದು ಸೋಲಾರ್ ಹೋಯಿತು.

ಮೇಷ್ಟ್ರು, 203 (8:10)
ರಾವ್ ಅವರೇ, ಸಾಹೇಬರ ಆಟ ಅನ್ನುವ ಕಾಲ ಹೋಯಿತು ಅಂದಿರಿ. ನಾನು ಕೆಜಿಎಫ್‌ನವನು. ಗಣಿ ಸಾಹೇಬರಿಗೆ ಕ್ಲಬ್ಬಿತ್ತು, ಗಾಲ್ಫ್ ಮೈದಾನ ಇತ್ತು. ಅಪ್ಪ ಗಣಿಗೆ ಇಳಿಯುತ್ತಿದ್ದರು. ನಮ್ಮ ಸಾಲಿನ ದೊಡ್ಡ ಹುಡುಗರು ಬ್ಯಾಗ್ ಹೊರಲು ಹೋಗುತ್ತಿದ್ದರು. ನಾನು ಚಿಕ್ಕವನು, ಬೇಲಿಯಾಚೆ ನಿಂತು ನೋಡುತ್ತಿದ್ದೆ. ಚೆಂಡು ಬೇಲಿ ದಾಟಿ ಬಂದರೆ ಓಡಿ ಹೋಗಿ ಎರಡೂ ಕೈಯಲ್ಲಿ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಈಗ ಮೊಮ್ಮಗಳು ಶನಿವಾರ ಶನಿವಾರ ಇದೇ ರೇಂಜಿಗೆ ಹೋಗುತ್ತಾಳೆ. ನಾನೇ ಕರೆದುಕೊಂಡು ಹೋಗುವುದು. ಅವಳು ಹೊಡೆದ ಚೆಂಡು ಮೇಲೆ ಹೋಗುವಾಗ ಖುಷಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಹೊರಗೆ ಬಂದು ಹರಿದ ಬಲೆ ನೋಡಿದಾಗ ಭಟ್ಟರ ಅಮ್ಮನ ಮುಖ ನೆನಪಾಗುತ್ತದೆ. ಯಾವ ಕಡೆ ನಿಲ್ಲಲಿ?

ಶೆಟ್ಟಿ ಮೇಡಂ, 207 (8:14)
ನಮ್ಮ ಮಗಳೂ ಸೇರಿದ್ದಾಳೆ ಮೇಷ್ಟ್ರೇ, ಇಲ್ಲಿ ಹೇಳಿರಲಿಲ್ಲ ಅಷ್ಟೇ.

ಭಟ್, 214 (8:15)
ಓಹೋ.

ರಾವ್, 198 (8:20)
ನೋಡಿದಿರಾ. ನಾನು ಮ್ಯಾನೇಜರ್ ಹತ್ತಿರ ಮಾತಾಡುತ್ತೇನೆ. ಪರಿಚಯ ಇದೆ. ಪತ್ರ, ಗಿತ್ರ ಬೇಡ. ಸಂಬಂಧ ಕೆಡುತ್ತದೆ.

ಭಟ್, 214 (8:22)
ಕಳೆದ ಸಲವೂ ನೀವೇ ಮಾತಾಡಿದ್ದು. ನಿಮಗೆ ಒಂದು ಬಕೆಟ್ ಜಾಸ್ತಿ ಸಿಕ್ಕಿತು, ನಮಗೆ ಒಂದು ಚೆಂಡು ಜಾಸ್ತಿ ಬಿತ್ತು.

ರಾವ್, 198 (8:25)
ಈ ಮಾತು ವಾಪಸ್ ತೆಗೆದುಕೊಳ್ಳಿ. ನಾನು ಪ್ರತಿ ಬಕೆಟ್ಟಿಗೂ ದುಡ್ಡು ಕೊಟ್ಟಿದ್ದೇನೆ, ರಸೀದಿ ಇದೆ. ಅಷ್ಟಕ್ಕೂ ನಿಮ್ಮ ಮಗ ಮಾಡುತ್ತಿರುವುದೇನು? ಟೆರೇಸ್ ಟೆರೇಸ್ ಹತ್ತಿ ಚೆಂಡು ಹೆಕ್ಕಿ, ರೇಂಜ್ ಗೇಟಿನಲ್ಲಿ ಒಂದಕ್ಕೆ ಐದು ರೂಪಾಯಿ ತೆಗೆದುಕೊಳ್ಳುತ್ತಾನೆ. ಒಂಬತ್ತು ಬಿದ್ದವು ಅಂದಿರಿ. ಒಂಬತ್ತೂ ಎಲ್ಲಿವೆ?

(ಭಟ್, 214 ಕಳಿಸಿದ ಸಂದೇಶವನ್ನು ಅಳಿಸಲಾಗಿದೆ, 8:27)

ಭಟ್, 214 (8:31)
ಅವನಿಗೆ ಹನ್ನೆರಡು ವರ್ಷ. ವಿಚಾರಿಸುತ್ತೇನೆ.

ಕಾರ್ಯದರ್ಶಿ (8:35)
ದಯವಿಟ್ಟು ವೈಯಕ್ತಿಕ ಬೇಡ. ಮೂರು ಅಂಶ: ಬಲೆ, ಲೈಟ್, ಪರಿಹಾರ.

ಗೌಡ, 231 (9:02)
ನಾಲ್ಕನೆಯದು ನೀರು. ಅದನ್ನು ಯಾಕೆ ಬಿಡುತ್ತೀರಿ? ರೇಂಜಿನ ಚಾಪೆಯ ಮುಂದಿರುವ ಆ ಹುಲ್ಲಿಗೆ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ನೋಡಿದ್ದೀರಾ? 2024ರ ಮಾರ್ಚಿನಲ್ಲಿ ಕುಡಿಯುವ ನೀರು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಮ್ಮ ಮನೆ ತುಳಸಿ ಒಣಗಿತು. ಅವರ ಹುಲ್ಲು ಹಸಿರು.

ರಾವ್, 198 (9:06)
ದೊಡ್ಡ ಮೈದಾನಗಳಿಗೆ ಶುದ್ಧೀಕರಿಸಿದ ಕೊಳಚೆ ನೀರು ಬಳಸುವುದುಂಟು ಗೌಡ್ರೇ. ಮತ್ತೆ ಹಸಿರು ಇರಲಿ ಬಿಡಿ. ಆ ಮೈದಾನಗಳು ಇಲ್ಲದಿದ್ದರೆ ಅಲ್ಲೆಲ್ಲ ಅಪಾರ್ಟ್‌ಮೆಂಟ್ ಎದ್ದಿರುತ್ತಿತ್ತು.

ಗೌಡ, 231 (9:09)
ದೊಮ್ಮಲೂರು ಕಡೆ ಮೈದಾನ ಇರುವುದು ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ. ಕೆರೆ ಉಳಿದಿದ್ದರೂ ಅಪಾರ್ಟ್‌ಮೆಂಟ್ ಏಳುತ್ತಿರಲಿಲ್ಲ ಸ್ವಾಮಿ.

ಶೆಟ್ಟಿ ಮೇಡಂ, 207 (9:15)
ಟ್ಯಾಂಕರ್ ಅಂದಿರಲ್ಲ, ನೆನಪಾಯಿತು. ನಿನ್ನೆ ಅದೇ ಟ್ಯಾಂಕರ್ ತಿರುಗಿಸುವಾಗ 2ನೇ ಕ್ರಾಸ್ ಮೂಲೆಯ ಚರಂಡಿ ಚಪ್ಪಡಿ ಮುರಿದಿದೆ. ಹಾಲಿನ ಹುಡುಗನ ಬೈಕ್ ಒಳಗೆ ಇಳಿದಿತ್ತು.

ಆಂಟಿ, 189 (9:17)
ಹೌದು ಹೌದು, ನಮ್ಮ ಮನೆ ಮುಂದೆಯೇ. ನಾನು ಸೊಪ್ಪು ತರಲು ಹೋಗುವುದು ಹೇಗೆ? ವಾಸನೆ ಬೇರೆ. ಇದನ್ನು ಮೊದಲು ಮಾಡಿಸಿ.

220, ಮೇಲಿನ ಮಹಡಿ (9:20)
ಗಾಲ್ಫ್ ಮೈದಾನಕ್ಕೆ ಹದಿನೆಂಟು ಕುಳಿ ಬೇಕಲ್ಲ, ಇದೇ ಹದಿನೆಂಟನೆಯದು. ಮೈದಾನ ಪೂರ್ತಿ ಆಯಿತು.

ರಾವ್, 198 (9:24)
ಚಪ್ಪಡಿ ವಿಷಯದಲ್ಲಿ ನಾನು ಶೆಟ್ಟಿ ಮೇಡಂ ಜೊತೆ ಇದ್ದೇನೆ. ಇದು ಪ್ರಾಣಕ್ಕೆ ಅಪಾಯ.

ಗೌಡ, 231 (9:26)
ನನ್ನ ಪರಿಚಯದ ಮೇಸ್ತ್ರಿ ಇದ್ದಾನೆ. ನಾಲ್ಕು ಇಂಚಿನ ಚಪ್ಪಡಿ ಎರಡು, ಸಿಮೆಂಟ್ ಒಂದು ಮೂಟೆ. ಮನೆಗೆ ಇನ್ನೂರು ಹಾಕಿದರೆ ಮುಗಿಯಿತು. ಕಾರ್ಪೊರೇಷನ್‌ನವರಿಗೆ ಕಾಯುತ್ತಾ ಕೂತರೆ ಇನ್ನೊಂದು ಬೈಕ್ ಬೀಳುತ್ತದೆ.

ಮೇಷ್ಟ್ರು, 203 (9:30)
ನನ್ನದು ಇನ್ನೂರು.

ಶೆಟ್ಟಿ ಮೇಡಂ, 207 (9:31)
ನಮ್ಮದೂ. ಯಾರಿಗೆ ಕಳಿಸಬೇಕು?

ಕಾರ್ಯದರ್ಶಿ (9:40)
ಬಹಳ ಸಂತೋಷ. ಹಾಗಾದರೆ ಭಾನುವಾರ 10ಕ್ಕೆ ಪಾರ್ಕಿನ ಬದಲು 2ನೇ ಕ್ರಾಸ್ ಮೂಲೆಯಲ್ಲಿ ಸೇರೋಣ. ಚಪ್ಪಡಿ ಕೆಲಸ ಮುಗಿಸಿ, ಸಮಯ ಇದ್ದರೆ ಪತ್ರದ ಬಗ್ಗೆ ಮಾತಾಡೋಣ. ದುಡ್ಡು ನನ್ನ ನಂಬರಿಗೇ ಕಳಿಸಿ.

ಭಟ್, 214 (10:05)
ಸೋಲಾರ್‌ನವನು ಬಂದು ನೋಡಿ ಹೋದ. ಟ್ಯೂಬ್ ಬರಲು ನಾಲ್ಕು ದಿನ. ಅಲ್ಲಿಯವರೆಗೆ ಗೀಸರ್. ಮಗನ ಕ್ರಿಕೆಟ್ ಬ್ಯಾಗಿನಲ್ಲಿ ಹದಿನಾಲ್ಕು ಚೆಂಡು ಸಿಕ್ಕಿವೆ. ಮಾರಿದ್ದು ಎಷ್ಟು ಅಂತ ಬಾಯಿ ಬಿಡುತ್ತಿಲ್ಲ. ನನ್ನ ಇನ್ನೂರು ಕಳಿಸಿದ್ದೇನೆ.

ರಾವ್, 198 (10:11)
ಹದಿನಾಲ್ಕರಲ್ಲಿ ಪಟ್ಟೆ ಇಲ್ಲದ್ದು ಯಾವುದಾದರೂ ಇದೆಯಾ ಭಟ್ರೇ? ಕಳೆದ ವಾರ ನನ್ನದೊಂದು ಹೋಗಿತ್ತು.

ಭಟ್, 214 (ರಾತ್ರಿ 10:52)
ಲೈಟ್ ಇನ್ನೂ ಉರಿಯುತ್ತಿದೆ.

ಗೌಡ, 231 (10:58)
ನಾಳೆ ಬೆಳಿಗ್ಗೆ ಏಳಕ್ಕೆ ಚಪ್ಪಡಿ ಗಾಡಿ ಬರುತ್ತದೆ. 2ನೇ ಕ್ರಾಸ್ ಮೂಲೆಯಲ್ಲಿ ಯಾರೂ ಕಾರು ನಿಲ್ಲಿಸಬೇಡಿ.