ಕತ್ಲಲ್ಲಿ ಹೈವೇ ಕೆಲ್ಸ, ಯಾವ ಜಾಕೆಟ್ ತಗೋಬೇಕು?

ಡಿವೈಡರ್‌ಗಿಡ:
ಹಾವೇರಿ ದಾವಣಗೆರೆ ನಡುವೆ ಎನ್‌ಎಚ್ 48ರಲ್ಲಿ ಡಿವೈಡರ್ ಗಿಡಕ್ಕೆ ನೀರು ಬಿಡೋದು, ಕಸ ತೆಗೆಯೋದು ಸಬ್ ಕಂಟ್ರಾಕ್ಟ್ ತಗೊಂಡಿದೀನಿ. ಬಿಸ್ಲು ಜಾಸ್ತಿ ಅಂತ ಬೆಳಗಿನ ಜಾವಾನೇ ಶುರು ಮಾಡ್ತೀವಿ, ಇನ್ನೂ ಕತ್ಲೆ ಇರುತ್ತೆ. ನೂರು ರೂಪಾಯಿ ಒಳಗೆ ಸಿಗೋ ಜಾಲಿ ಜಾಕೆಟ್ ಕೊಟ್ಟಿದ್ದೆ, ಆಗ್ಲೇ ರೇಡಿಯಂ ಪಟ್ಟಿ ಸುಲ್ಕೊಂಡು ಬರ್ತಿದೆ. ಆರೆಂಜ್ ಬಣ್ಣ ಅಂತೂ ಹೊಳೀತಿದೆ, ಅಷ್ಟು ಸಾಕಾ? ಜಾಸ್ತಿ ಹೆಣ್ಮಕ್ಳೇ, ಸೀರೆ ಮೇಲೆ ಗಂಡಸ್ರ ಶರ್ಟ್ ಹಾಕ್ಕೊಂಡು ಬರ್ತಾರೆ.

ಸೈಟ್‌ಸೇಫ್ಟಿ:
ಸಾಕಾಗಲ್ಲ ಸರ್. ಆ ಬಣ್ಣ ಹಂಗೆ ಹೊಳೆಯೋದು ಬಿಸಿಲಲ್ಲಿರೋ ಯುವಿಯಿಂದ, ಹಗಲು ಮೋಡ ಇದ್ರೂ ಎದ್ದು ಕಾಣುತ್ತೆ, ಕತ್ಲಲ್ಲಿ ಕೆಲಸಕ್ಕೆ ಬರೋದು ಪಟ್ಟಿ ಮಾತ್ರ, ಅದು ಹೆಡ್‌ಲೈಟ್ ಬೆಳಕನ್ನ ಬಂದ ಕಡೆಗೇ ವಾಪಸ್ ಕಳಿಸುತ್ತೆ. ಇಂಥ ಜಾಕೆಟ್‌ಗೆ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 15809, ಹೊರದೇಶದ್ದಾದ್ರೆ ಇಎನ್ ಐಎಸ್‌ಒ 20471. ಇದ್ರಲ್ಲಿ ಕ್ಲಾಸ್ ನಂಬರ್ ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತೆ, ಕ್ಲಾಸ್ 2 ಅಂದ್ರೆ ಬಣ್ಣದ ಬಟ್ಟೆ ಕನಿಷ್ಠ 0.50 ಚದರ ಮೀಟರ್, ಪಟ್ಟಿ 0.13, ಪಟ್ಟಿ ಅಗಲ 50 ಮಿಮೀ ಆದ್ರೂ ಇರ್ಬೇಕು. ಕ್ಲಾಸ್ 3 ಬೇಕಂದ್ರೆ ಬರೀ ತೋಳಿಲ್ಲದ ಜಾಕೆಟ್‌ಗೆ ಅದು ಸಿಗಲ್ಲ. ಎಷ್ಟು ಸಲ ಒಗೀಬಹುದು ಅಂತ ಲೇಬಲ್ ನೋಡಿ. ಹಳೇದನ್ನ ಕತ್ಲಲ್ಲಿ ನೇತ್ಹಾಕಿ ದೂರದಿಂದ ಮೊಬೈಲ್ ಫ್ಲ್ಯಾಶ್ ಹಾಕಿ ಫೋಟೋ ತೆಗೀರಿ, ಪಟ್ಟಿ ಬೂದಿ ಬಣ್ಣ ಬಂದ್ರೆ ಎಸೀರಿ.

ಹುಬ್ಳಿ_ಮಂದಿ:
ಪಟ್ಟಿ ಎಷ್ಟ ಚಲೋ ಇದ್ರೂ ಮ್ಯಾಲೆ ಸೆರಗ ಹೊತ್ಕೊಂಡ್ರ ಏನ ಕಾಣ್ತೈತ್ರಿ? ಬಗ್ಗಿ ಕಸಾ ತಗಿಯುವಾಗ ಎದಿ ಮ್ಯಾಗಿನ ಪಟ್ಟಿ ನೆಲಾ ನೋಡ್ತಿರತೈತಿ. ನಮ್ಮ ಮೇಸ್ತ್ರಿ ಆ ಶರ್ಟಿನ ತೋಳಿಗೇ ಪಟ್ಟಿ ಹೊಲಿಸ್ಯಾನ. ಕೈ ಆಡಿದಂಗ ಪಟ್ಟೀನೂ ಆಡ್ತೈತಿ, ಡ್ರೈವರಗ ಮನಷ್ಯಾ ಅಂತ ಲಗೂನ ಗೊತ್ತಾಗ್ತದ, ಇಲ್ಲಂದ್ರ ಕೋನ್ ಇಟ್ಟಾರಂತ ತಿಳ್ಕೋತಾನ.

ಹದಿನಾರುಚಕ್ರ:
ನಾನು ಲಾರಿ ಓಡ್ಸೋನು. 80ರಲ್ಲಿ ಬಂದ್ರೆ ಸೆಕೆಂಡಿಗೆ 22 ಮೀಟರ್ ಹೋಗ್ತೀವಿ, ಎದುರಿಂದ ಯಾರಾದ್ರೂ ಹೈಬೀಮ್ ಹೊಡೆದ್ರೆ ನಿಮ್ ಜಾಕೆಟ್ ಎಂಥದ್ದೇ ಇರ್ಲಿ ಕಾಣಲ್ಲ. ಆ ನೀರಿನ ಟ್ಯಾಂಕರ್‌ನ ಡಿವೈಡರ್ ಪಕ್ಕ ಫಾಸ್ಟ್ ಲೇನಲ್ಲೇ ನಿಲ್ಲಿಸ್ತೀರಲ್ಲ ಅಣ್ಣಾ, ಹಿಂದೆ ಬ್ಲಿಂಕರ್ ಇಲ್ಲ, ಬೋರ್ಡಿಲ್ಲ, ಮೊದ್ಲು ಅದನ್ನ ನೋಡಿ. ಬೆಳಕು ಹರಿದ್ಮೇಲೆ ಶುರು ಮಾಡಿದ್ರೆ ಇನ್ನೂ ಒಳ್ಳೇದು.

ಸೈಟ್‌ಸೇಫ್ಟಿ:
ಕರೆಕ್ಟ್. ಕೋನು ಬೋರ್ಡು ಎಲ್ಲಿಂದ ಇಡ್ಬೇಕು ಅನ್ನೋದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಗೈಡ್‌ಲೈನ್ ಐಆರ್‌ಸಿ ಎಸ್‌ಪಿ 55ರಲ್ಲಿದೆ, ಮೇನ್ ಕಂಟ್ರಾಕ್ಟರ್ ಹತ್ರ ಕೇಳಿ ಇಸ್ಕೊಳ್ಳಿ.

ಡಿವೈಡರ್‌ಗಿಡ:
ಬ್ಲಿಂಕರ್ ಹಾಕಿಸ್ತೀನಿ, ಟೈಮ್ ಬಗ್ಗೆ ಮಾತಾಡ್ಬೇಕು. ಹುಬ್ಳಿಯವ್ರೇ, ಆ ಪಟ್ಟಿ ಬಿಡಿಯಾಗಿ ಸಿಗುತ್ತಾ?

ಹುಬ್ಳಿ_ಮಂದಿ:
ಮೀಟರ್ ಲೆಕ್ಕದಾಗ ಸಿಗ್ತೈತ್ರಿ. ಗಾಡಿಗೆ ಅಂಟಸೂದು ತರಬ್ಯಾಡ್ರಿ, ಒಂದ ಸಲ ಒಗದ್ರ ಕಿತ್ತ ಬರ್ತೈತಿ. ಬಟ್ಟಿಗೆ ಹೊಲಿಯೂದು ಅಂತ ಹೇಳಿ ಕೇಳ್ರಿ.