ಅಪ್‌ಡೇಟ್: ಟ್ಯಾಂಕಿಯ ನೀಲಿ ಕ್ರೇಫಿಶ್ ಯಾವುದೆಂದು ಗೊತ್ತಾಯಿತು

ಕೇಳಿದ್ದ ಪ್ರಶ್ನೆ ಇಷ್ಟು: ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟದ ಟ್ಯಾಂಕಿಯಲ್ಲಿರುವ ಕ್ರೇಫಿಶ್ (ಸಿಗಡಿಯಂಥ, ದೊಡ್ಡ ಇಕ್ಕಳದ ಸಿಹಿನೀರ ಜೀವಿ) ಅಮೆರಿಕದ ಪ್ರೊಕಾಂಬಾರಸ್ ಕ್ಲಾರ್ಕಿಯೋ, ಚೆರಾಕ್ಸ್ ಕ್ವಾಡ್ರಿಕ್ಯಾರಿನೇಟಸೋ? ಎರಡನೆಯದು. ಆಸ್ಟ್ರೇಲಿಯಾದ ಉತ್ತರ ಭಾಗದ ರೆಡ್‌ಕ್ಲಾ, ಅದೂ ಗಂಡು.

ಪ್ರಶ್ನೆಯ ಜೊತೆ ಹಾಕಿದ್ದ ಮೊದಲ ಫೋಟೋ ಹಾಳಾದದ್ದು ಫ್ಲ್ಯಾಶ್‌ನಿಂದ. ಒದ್ದೆ ಚಿಪ್ಪು ಮಿಂಚಿ, ಗುರುತಿಗೆ ಬೇಕಾದ ಏಣುಗಳೆಲ್ಲ (ಉಬ್ಬು ಗೆರೆಗಳು) ಮಾಯ. ಈ ಸಲ ಬಿಳಿ ಬೇಸನ್, ಎರಡು ಬೆರಳು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು, ಇಷ್ಟು ತಿಳಿ ಬೇರೆಲ್ಲಿ ಸಿಕ್ಕೀತು!, ಚಾವಡಿಯ ನೆರಳು, ಪಕ್ಕದಲ್ಲೊಂದು ಸ್ಕೇಲು. ಮೇಲಿನಿಂದ, ಬದಿಯಿಂದ, ಹೊಟ್ಟೆಯ ಕಡೆಯಿಂದ ಒಂದೊಂದು. ಇಕ್ಕಳದ್ದು ಹತ್ತಿರದಿಂದ ಬೇರೆ.

ತಲೆಯ ಮೇಲೆ ನಾಲ್ಕು ಉದ್ದ ಏಣು ಸ್ಪಷ್ಟ. ಜಾತಿಯ ಹೆಸರೇ ಅದರಿಂದ ಬಂದದ್ದು, ಕ್ವಾಡ್ರಿಕ್ಯಾರಿನೇಟಸ್ ಎಂದರೆ ನಾಲ್ಕು ಏಣಿನದು. ಇಕ್ಕಳ ನುಣುಪು, ಹೊರ ಅಂಚಿನಲ್ಲಿ ಮೆತ್ತನೆಯ ಕೆಂಪು ಪಟ್ಟೆ. ಈ ಪಟ್ಟೆ ಬಲಿತ ಗಂಡಿಗೆ ಮಾತ್ರ, ಹಾಗಾಗಿ ಇಲ್ಲವೆಂದ ಮಾತ್ರಕ್ಕೆ ರೆಡ್‌ಕ್ಲಾ ಅಲ್ಲ ಎನ್ನಲಾಗದು. ಕ್ಲಾರ್ಕಿಯ ಇಕ್ಕಳದ ತುಂಬ ಗಂಟುಗಂಟು. ಅದರ ಗಂಡಿಗೆ ಹೊಟ್ಟೆಯಡಿ, ನಡೆಯುವ ಕಾಲುಗಳ ಬುಡದ ಹತ್ತಿರ ಕೊಕ್ಕೆಗಳೂ ಇರುತ್ತವೆ. ಇದಕ್ಕಿಲ್ಲ. ಬಣ್ಣ ನಂಬಬೇಡಿ, ಕ್ಲಾರ್ಕಿಯಲ್ಲೂ ನೀಲಿ ತಳಿ ಮಾರಾಟಕ್ಕಿದೆ.

ಪಯಸ್ವಿನಿಯ ಹೊಳೆಸಿಗಡಿ ಇರಬಹುದೆಂದವರಿಗೆ: ಸಿಗಡಿಗೆ ಇಕ್ಕಳವಿರುವುದು ಮೊದಲ ಎರಡು ಜೋಡಿ ಕಾಲಿಗೆ, ದೊಡ್ಡದು ಎರಡನೆಯದು. ಕ್ರೇಫಿಶ್‌ಗೆ ಮೂರು ಜೋಡಿ, ದೊಡ್ಡದು ಮೊದಲನೆಯದು. ಮಸುಕು ಫೋಟೋದಲ್ಲೂ ಇದನ್ನು ಎಣಿಸಬಹುದು.

ಭಾರತದ ಹೊಳೆಗಳಿಗೆ ಸ್ವಂತ ಕ್ರೇಫಿಶ್ ಇಲ್ಲ, ಆದ್ದರಿಂದ ಹೊರಗಿನ ಈ ಜೀವಿಯನ್ನು ತೋಡಿಗೆ ಬಿಡುವ ಮಾತೇ ಇಲ್ಲ. ಹೊರಹರಿವಿನ ಪೈಪಿಗೆ ಬಲೆ ಕಟ್ಟಿ, ಟ್ಯಾಂಕಿಗೆ ಮುಚ್ಚಳ ಹಾಕಿದ್ದಾಗಿದೆ. ಮಳೆಯಲ್ಲಿ ಇವು ನೆಲದ ಮೇಲೂ ನಡೆದುಬಿಡುತ್ತವೆ.